ಎಂಟು ಮನೆಗೊಂದು ಕರಿಬೇವು

ಮೊನ್ನೆ ಕಾರಿನ ಡ್ಯಾಶ್‌ಬೋರ್ಡಿನ ಗೂಡಿಗೆ ಕೈಹಾಕಿ ಇನ್ಶೂರೆನ್ಸ್ ಕಾಗದ ಹುಡುಕುತ್ತಿದ್ದೆ. ಕಾಗದ ಸಿಗಲಿಲ್ಲ, ಒಂದು ಬಾಚಣಿಗೆ ಸಿಕ್ಕಿತು. ಅಂಗೈಯಗಲದ ಕಪ್ಪು ಬಾಚಣಿಗೆ, ನಡುವೆ ಮೂರು ಹಲ್ಲು ಮುರಿದದ್ದು. ಕಾರಿನಲ್ಲಿ ಒಬ್ಬನೇ ಕುಳಿತು ನಕ್ಕೆ. ನನ್ನ ತಲೆಯ ಪರಿಚಯವಿಲ್ಲದವರಿಗೆ ಇದರಲ್ಲಿ ನಗುವಂಥದ್ದೇನಿದೆ ಎಂದು ತಿಳಿಯಲಿಕ್ಕಿಲ್ಲ. ಆದ್ದರಿಂದ ನಾಚಿಕೆ ಬಿಟ್ಟು ಹೇಳುತ್ತೇನೆ: ಕಿವಿಗಳ ಮೇಲೆ ಆಚೆಗಿಷ್ಟು ಈಚೆಗಿಷ್ಟು ಬಿಟ್ಟರೆ ನನ್ನ ತಲೆಯಲ್ಲಿ ಬಾಚುವಂಥದ್ದು ಏನೂ ಇಲ್ಲ. ಇರುವಷ್ಟನ್ನು ಸ್ನಾನ ಮುಗಿಸಿ ಬರುವಾಗ ಟವೆಲ್ಲೇ ಬಾಚಿಬಿಡುತ್ತದೆ. ಹೀಗಿರುವಾಗ ಈ ಬಾಚಣಿಗೆಯನ್ನು ಯಾವ ಆಸೆಯಿಂದ ಒಂದು ಕಾರಿನಿಂದ ಇನ್ನೊಂದು ಕಾರಿಗೆ ದಾಟಿಸುತ್ತ ಬಂದಿದ್ದೇನೋ ನನಗೇ ಗೊತ್ತಿಲ್ಲ.

ಒಂದು ಕಾಲದಲ್ಲಿ ಕೂದಲಿತ್ತು. ನಂಬದಿದ್ದರೆ ಫೋಟೋ ಇದೆ. ಬ್ರಹ್ಮಾವರದ ನಮ್ಮ ಮನೆಯಲ್ಲಿ ಏಳು ಜನರಿಗೆ ಒಂದೇ ಬಾಚಣಿಗೆ; ಕನ್ನಡಿಯ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದರು. ದಾರ ಗಿಡ್ಡ. ಆದ್ದರಿಂದ ಬಾಚಣಿಗೆಯನ್ನು ತಲೆಗೆ ತರುವಂತಿರಲಿಲ್ಲ, ತಲೆಯನ್ನೇ ಬಾಚಣಿಗೆಯ ಹತ್ತಿರ ಒಯ್ಯಬೇಕಿತ್ತು. ಭಾನುವಾರ ಬೆಳಗಾದರೆ ದೊಡ್ಡಮ್ಮ ತೆಂಗಿನೆಣ್ಣೆಗೆ ಎರಡು ಹಿಡಿ ಕರಿಬೇವು ಹಾಕಿ ಎಲೆ ಗರಿಗರಿಯಾಗುವ ತನಕ ಕಾಯಿಸುತ್ತಿದ್ದರು. ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಹಿಡಿದು, ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, ತಲೆಗೆ ಎಣ್ಣೆ ಹೊಯ್ದು ತಟ್ಟುತ್ತಿದ್ದರು. ತಟ್ಟುವುದು ಎಂದರೆ ಪ್ರೀತಿಯ ತಟ್ಟುವಿಕೆ ಎಂದು ಭಾವಿಸಬೇಡಿ. ವಾರವಿಡೀ ಮಾಡಿದ ತಪ್ಪುಗಳ ಲೆಕ್ಕವೂ ಅದರಲ್ಲೇ ಚುಕ್ತಾ ಆಗುತ್ತಿತ್ತು. "ತಲೆ ತುಂಬ ಕೂದಲಿದ್ದವನಿಗೆ ಮನೆ ತುಂಬ ನೆಂಟರು" ಎಂಬುದು ಅವರ ಸ್ವಂತ ಗಾದೆ. ಎರಡಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಏಳನೆಯ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ನನ್ನ ತಲೆಯ ಮೇಲೆ ಒಂದು ಬಿಳಿ ಮಚ್ಚೆ ಇದೆ. ಅದು ಫಿಲ್ಮಿನ ದೋಷವಲ್ಲ, ಎಣ್ಣೆಗೆ ಬಿಸಿಲು ಹೊಡೆದದ್ದು.

ಆ ತಲೆಯನ್ನು ಹೊತ್ತುಕೊಂಡು ಇಪ್ಪತ್ತೆರಡು ವರ್ಷದ ಹಿಂದೆ ದುಬೈಗೆ ಬಂದೆ. ಅಲ್ ಕೂಜ್‌ನ ಒಂದು ಗೋಡೌನಿನಲ್ಲಿ ಏಸಿ ಬಿಡಿಭಾಗಗಳ ಸ್ಟೋರ್ ಕೀಪರ್ ಕೆಲಸ. ಸಂಬಳ ಇಷ್ಟೇ ಇಷ್ಟು, ಕೂದಲು ಮಾತ್ರ ಧಾರಾಳ. ಆಮೇಲಿನದನ್ನು ನಾನು ಬಹಳ ಸಲ ಯೋಚಿಸಿ ನೋಡಿದ್ದೇನೆ. ಸಂಬಳ ಒಂದು ಮೆಟ್ಟಿಲು ಏರಿದಾಗಲೆಲ್ಲ ಕೂದಲಿನ ಗಡಿ ಒಂದು ಬೆರಳು ಹಿಂದಕ್ಕೆ ಸರಿದಿದೆ. ಅಬುಧಾಬಿಯ ಬ್ರಾಂಚಿಗೆ ನನ್ನನ್ನೇ ಮುಖ್ಯಸ್ಥನನ್ನಾಗಿ ಮಾಡಿದ ವರ್ಷ ನೆತ್ತಿ ಪೂರ್ತಿ ಖಾಲಿಯಾಯಿತು. ಇದನ್ನು ಮಗಳು ಶ್ರೇಯಾಳಿಗೆ ಒಂದು ಸಿದ್ಧಾಂತದಂತೆ ವಿವರಿಸಿದೆ. ಅವಳು ಒಂಬತ್ತನೆಯ ಕ್ಲಾಸು. ತುಳುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ.

"ಪಪ್ಪಾ, ಸ್ಯಾಂಪಲ್ ಸೈಜ್ ಒನ್. ದಟ್ಸ್ ನಾಟ್ ಡೇಟಾ" ಎಂದಳು.

ನನ್ನ ಜೊತೆ ಬಂದವರೆಲ್ಲ ಹೇಳುವುದು, ಇದು ನೀರಿನ ದೋಷ ಎಂದು. ಇಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತೇವೆ, ಅದರಲ್ಲೇ ಮೀಯುತ್ತೇವೆ. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿ ಕಾದು ತಣ್ಣೀರಿನ ನಲ್ಲಿಯಲ್ಲೂ ಕುದಿನೀರೇ ಬರುತ್ತದೆ. ಊರಿನ ಎರಡು ಸಂಸಾರ ಸೇರಿದರೆ ಮೊದಲು ಊಟದ ಮಾತು, ಎರಡನೆಯದು ಮಕ್ಕಳ ಮಾರ್ಕು, ಮೂರನೆಯದು ಕೂದಲು. ಅಬುಧಾಬಿಯಲ್ಲಿ ನನ್ನದಲ್ಲದ ತಲೆಗಳ ವಿಷಯಕ್ಕೂ ನಾನು ಬೀಳಬೇಕಾಗಿ ಬಂದದ್ದು ಕಳೆದ ಚಳಿಗಾಲದಲ್ಲಿ. ಅದನ್ನು ಹೇಳಬೇಕಾದರೆ ನಮ್ಮ ವಿಲ್ಲಾದ ಕಥೆ ಹೇಳಬೇಕು.

ನಾವಿರುವುದು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ಹೆಸರು ಸಿಟಿ, ಇರುವುದು ಊರಾಚೆ. ಇಂಡಿಯನ್ ಶಾಲೆಗಳು ಹತ್ತಿರ, ಆಫೀಸುಗಳು ದೂರ, ಎಲ್ಲಿಗೆ ಹೋಗಬೇಕಿದ್ದರೂ ಕಾರು. ಒಂದು ಕಾಂಪೌಂಡು, ಅದರೊಳಗೆ ಎಂಟು ಸಂಸಾರ. ಯಜಮಾನರು ಅಬು ರಾಶಿದ್. ಅರವತ್ತೈದು ದಾಟಿದ ಇಲ್ಲಿಯವರೇ ಆದ ಹಿರಿಯರು, ಪಕ್ಕದ ಕಾಂಪೌಂಡಿನಲ್ಲೇ ಇದ್ದಾರೆ. ನಾವೆಲ್ಲ ಬಾಬಾ ಎನ್ನುತ್ತೇವೆ. ಹುಡುಗನಾಗಿದ್ದಾಗ ತಂದೆಯ ಜೊತೆ ವ್ಯಾಪಾರಕ್ಕೆ ಬೊಂಬಾಯಿಗೆ ಹೋಗಿಬಂದವರು. ಅವರ ಹಿಂದಿ ನನ್ನ ಹಿಂದಿಗಿಂತ ಚೆನ್ನಾಗಿದೆ.

ಹದಿನಾರು ವರ್ಷದ ಹಿಂದೆ ನಾವು ಇಲ್ಲಿಗೆ ಬಂದಾಗ ಜನಗಣತಿ ಮಾಡುವ ಕಷ್ಟವೇ ಇರಲಿಲ್ಲ. ಆರು ಮನೆಯವರು ಕುಂದಾಪುರದಿಂದ ಕಾಸರಗೋಡಿನವರೆಗಿನವರು, ಎರಡು ಮನೆಯವರು ಅಲ್ಲಿಂದ ಸ್ವಲ್ಪ ಕೆಳಗಿನ ಕೇರಳದವರು. ಮಧ್ಯಾಹ್ನ ಹನ್ನೆರಡಕ್ಕೆ ಎಂಟು ಅಡುಗೆಮನೆಗಳ ಎಕ್ಸಾಸ್ಟ್ ಫ್ಯಾನಿನಿಂದ ಒಂದೇ ವಾಸನೆ ಬರುತ್ತಿತ್ತು. ಎಂಟು ಮನೆಗೆ ಮೂರು ಕಾರು. ಸಂಬಳವೂ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ, ಅಂದರೆ ಎಲ್ಲರದ್ದೂ ಕಮ್ಮಿ.

ಆ ಕಾಲದಲ್ಲಿ ನನ್ನ ಹೆಂಡತಿ ವಾರಿಜಾ ಗೇಟಿನ ಪಕ್ಕ, ನಮ್ಮ ಬಾಗಿಲಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಒಂದು ಕರಿಬೇವಿನ ಸಸಿ ನೆಟ್ಟಳು. ದುಬೈಯ ಊದ್ ಮೇಥಾದಲ್ಲಿದ್ದ ಅವಳ ಗೆಳತಿಯ ಬಾಲ್ಕನಿಯ ಕುಂಡದಿಂದ ಕಿತ್ತು ತಂದದ್ದು. ಅಲ್ಲಿಂದ ಇಲ್ಲಿಗೆ ಒಂದೂವರೆ ಗಂಟೆಯ ದಾರಿ, ಆಗಸ್ಟ್ ತಿಂಗಳು. ಸಸಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಅದಕ್ಕೂ ಸೇರಿಸಿ ಸೀಟ್ ಬೆಲ್ಟ್ ಹಾಕಿಕೊಂಡಳು. ಆಮೇಲೆ ಗಿಡಕ್ಕೆ ಶೀತ ಆಗುತ್ತದೆ ಎಂದು ಏಸಿ ಬಂದ್ ಮಾಡಿಸಿದಳು. ನಾನು ಬೆವರಿ ಮುದ್ದೆಯಾದೆ, ಗಿಡ ಬದುಕಿತು.

ಎರಡು ವರ್ಷದಲ್ಲಿ ಅದು ನನ್ನೆತ್ತರ ಬೆಳೆಯಿತು. ಆಮೇಲೆ ಶುರುವಾಯಿತು ನೋಡಿ. "ವಾರಿಜಕ್ಕಾ, ನಾಲ್ಕು ಕರಿಬೇವು ತೆಗೀತೇನೆ ಆಯ್ತಾ" ಎಂದು ಯಾರಾದರೊಬ್ಬರು ಬಾಗಿಲಿಗೆ ಬರುವುದು. ನಾಲ್ಕು ಎಲೆ ಕೀಳಲು ಅರ್ಧ ನಿಮಿಷ. ಆಮೇಲೆ ಎರಡು ಗಂಟೆ ಮಾತು. ಯಾರ ವೀಸಾ ಏನಾಯಿತು, ಯಾರ ಅತ್ತೆ ಏನಂದರು, ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ಹೇಗಿತ್ತು. ರಜೆಯ ದಿನ ಒಂದು ಗಳಿಗೆ ಮಲಗೋಣವೆಂದರೆ ಬಿಡುವಿಲ್ಲದೆ ಬೆಲ್. ಆಗ ನಾನು ಬಹಳ ಗೊಣಗುತ್ತಿದ್ದೆ. ಆ ಗೊಣಗಾಟಕ್ಕೆ ಈಗ ನನಗೆ ನಾಚಿಕೆಯಾಗುತ್ತದೆ.

ಏಕೆಂದರೆ ಒಬ್ಬೊಬ್ಬರಾಗಿ ಹೋದರು. ಒಬ್ಬರು ಬಡ್ತಿ ಸಿಕ್ಕಿ ದುಬೈಗೆ, ಒಬ್ಬರು ಕೆಲಸ ಹೋಗಿ ಊರಿಗೆ, ಇನ್ನೊಬ್ಬರು ಮಗನ ಕಾಲೇಜಿನ ಹಿಂದೆ ಕೆನಡಾಕ್ಕೆ. ಈಗಿನ ಗಣತಿ ಹೀಗಿದೆ. ನಾವೊಂದು ಮನೆ. ಅತ್ತರಿನ ವ್ಯಾಪಾರದ ಭಟ್ಕಳದ ಇಮ್ತಿಯಾಜ್ ಸಾಹೇಬರದ್ದು ಒಂದು. ಹಳಬರಲ್ಲಿ ಉಳಿದ ಕೇರಳದ ಕುರಿಯನ್ ದಂಪತಿ ಒಂದು. ಈಜಿಪ್ಟಿನ ಗಣಿತದ ಮೇಷ್ಟರ ಹೆಂಡತಿ ಉಮ್ ಕರೀಮ್ ಅವರ ಸಂಸಾರ ಒಂದು. ಫಿಲಿಪೀನ್ಸಿನ ನಾಲ್ವರು ನರ್ಸುಗಳದ್ದು ಒಂದು. ಅವರಿಗೆ ಗ್ರೇಸ್ ಎಂಬಾಕೆ ಹಿರಿಯಕ್ಕ. ಪೇಶಾವರದ ಕಡೆಯ ಗುಲ್ ಖಾನ್ ಮತ್ತು ಇಬ್ಬರು ತಮ್ಮಂದಿರು. ಮೂವರೂ ಶಾಲಾ ಬಸ್ಸಿನ ಚಾಲಕರು. ಉಳಿದೆರಡರಲ್ಲಿ ಸುಡಾನಿನ ಒಬ್ಬ ಎಂಜಿನಿಯರ್ ಮತ್ತು ಅವರ ಹೆಂಡತಿ, ನೇಪಾಳದ ಹೊಸ ಗಂಡ-ಹೆಂಡತಿ. ಮಧ್ಯಾಹ್ನ ಹನ್ನೆರಡಕ್ಕೆ ಈಗ ಎಂಟು ಬಗೆಯ ವಾಸನೆ. ಕಾರು ಹನ್ನೊಂದು. ಇವರಲ್ಲಿ ಯಾರ ಮೇಲೂ ನನ್ನ ದೂರಿಲ್ಲ. ಎದುರಾದರೆ ಸಲಾಂ ಹೇಳುತ್ತೇವೆ, ಕೈಯಲ್ಲಿರುವ ಚೀಲ ನೋಡಿ ನಗುತ್ತೇವೆ, ಬಾಗಿಲು ಹಾಕಿಕೊಳ್ಳುತ್ತೇವೆ.

ಕಾರು ಹನ್ನೊಂದಾದದ್ದೇ ತಾಪತ್ರಯಕ್ಕೆ ಕಾರಣ. ಬಾಬಾ ಅವರ ಮಗ ರಾಶಿದ್ ಹೊಸದೊಂದು ದೊಡ್ಡ ಗಾಡಿ ತಂದ. ಅವರ ಕಾಂಪೌಂಡು ತುಂಬಿದ್ದರಿಂದ ನಮ್ಮಲ್ಲಿ ನಿಲ್ಲಿಸಬೇಕು, ಬಿಸಿಲಿಗೆ ಹಾಳಾಗದಂತೆ ಶೆಡ್ ಬೇಕು. ಶೆಡ್ಡಿಗೆ ಗೇಟಿನ ಪಕ್ಕದ ಜಾಗವೇ ಸರಿ. ಅಲ್ಲಿ ಕರಿಬೇವಿನ ಮರ ನಿಂತಿದೆ.

ಬಾಬಾ ಬಂದು ಮರದ ಕೆಳಗೆ ನಿಂತು ನನ್ನನ್ನು ಕರೆದರು. "ಶೇಖರ್, ಯೇ ಝಾಡ್ ಕಾ ಫಾಯ್ದಾ ಕ್ಯಾ?"

ನಮ್ಮ ಕಡೆಯವರಿಗೆ ಒಂದು ಚಾಳಿಯಿದೆ. ಕೇಳಿದ್ದಕ್ಕೆ ಸಣ್ಣ ಉತ್ತರ ಕೊಟ್ಟರೆ ಕೇಳಿದವರಿಗೆ ಅಗೌರವವೆಂದು ಭಾವಿಸುತ್ತೇವೆ. ಊಟಕ್ಕೆ ಎಷ್ಟು ಜನ ಬಂದರು ಎಂದರೆ "ಊರಿಗೆ ಊರೇ" ಎನ್ನುತ್ತೇವೆ. ಆ ಚಾಳಿಯಲ್ಲೇ ನಾನು ಎದೆ ಉಬ್ಬಿಸಿ, "ಬಾಬಾ, ಇದನ್ನು ಬಳಸದ ಮನೆಯೇ ಇಲ್ಲ. ಎಂಟಕ್ಕೆ ಎಂಟೂ!" ಎಂದೆ.

ಬಾಬಾ ನ್ಯಾಯವಂತರು. ಗಡ್ಡ ಸವರಿಕೊಂಡು, ಅರ್ಧಕ್ಕಿಂತ ಹೆಚ್ಚು ಮನೆಯವರಿಗೆ ಬೇಕಾದ ಮರವಾದರೆ ಇರಲಿ, ಶೆಡ್ಡು ಬೇರೆ ಕಡೆ ನೋಡೋಣ ಎಂದರು. ಮುಂದಿನ ತಿಂಗಳು ಒಂದನೇ ತಾರೀಕು ಬಂದು ಮನೆಮನೆಯವರನ್ನು ತಾವೇ ಕೇಳುತ್ತಾರಂತೆ. "ನಹೀಂ ತೋ ಖಲಾಸ್" ಎಂದು ಮರದ ಕಾಂಡವನ್ನು ಎರಡು ಬೆರಳಿನಿಂದ ತಟ್ಟಿ ಹೋದರು.

ಗೆದ್ದವನಂತೆ ಒಳಗೆ ಬಂದು ವಾರಿಜಾಳಿಗೆ ಹೇಳಿದೆ. ಮನೆಯಲ್ಲಿ ನಾವು ತುಳು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂಟು ಮನೆಯಾ? ಯಾವ ಎಂಟು ಮನೆ ಮಾರಾಯ್ರೆ?" ಎಂದಳು. ಬೆರಳು ಮಡಚುತ್ತ ಹೋದಳು. "ನಾವೊಂದು. ಇಮ್ತಿಯಾಜ್ ಸಾಹೇಬರ ಮನೆಯೊಂದು. ಕುರಿಯನ್ ಚೇಟನದ್ದೊಂದು. ಮತ್ತೆ? ಮತ್ತೆ ಯಾರು ಹೇಳಿ ನೋಡುವ. ನೀವು ಹದಿನಾರು ವರ್ಷ ಹಿಂದಿನ ಲೆಕ್ಕ ಹೇಳಿ ಬಂದದ್ದು!"

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಕಿಟಕಿಯಿಂದ ಮರವನ್ನು ನೋಡುತ್ತ ನಿಧಾನವಾಗಿ ಹೇಳಿದಳು: "ನಿಮಗೆ ಆಫೀಸುಂಟು. ಅವಳಿಗೆ ಶಾಲೆಯುಂಟು. ಮೊದಲು ಈ ಮರದ ನೆಪದಲ್ಲಿ ದಿನಕ್ಕೆ ನಾಲ್ಕು ಜನ ನನ್ನ ಬಾಗಿಲಿಗೆ ಬರ್ತಿದ್ದರು. ಈಗ ಬರುವುದೇ ಇಬ್ಬರು. ಮರವೂ ಹೋದರೆ ಡೆಲಿವರಿಯವರು ಬಿಟ್ಟು ಬೆಲ್ ಒತ್ತುವವರು ಯಾರಿದ್ದಾರೆ ಹೇಳಿ?"

ನನಗೆ ಬಹಳ ಸಂಕಟವಾಯಿತು. ಹದಿನಾರು ವರ್ಷ ಒಂದೇ ಮನೆಯಲ್ಲಿದ್ದೂ ಬೆಲ್ ಸದ್ದು ಕಡಿಮೆಯಾದದ್ದು ನನಗೆ ನಿದ್ದೆಯ ಅನುಕೂಲವಾಗಿ ಮಾತ್ರ ಗೊತ್ತಿತ್ತು. ಹಾಗಾಗಿ ಏನಾದರಾಗಲಿ, ಎಂಟರಲ್ಲಿ ಐದು ಮನೆ ಮಾಡಿಯೇ ತೀರುತ್ತೇನೆ ಎಂದು ಪಣ ತೊಟ್ಟೆ. ಇರುವುದು ಮೂರು. ಇನ್ನೆರಡು ಬೇಕು. ಶ್ರೇಯಾ ಲ್ಯಾಪ್‌ಟಾಪಿನಲ್ಲಿ ಎಂಟು ಸಾಲಿನ ಪಟ್ಟಿ ಮಾಡಿ, ಮೂರಕ್ಕೆ ಹಸಿರು, ಐದಕ್ಕೆ ಕೆಂಪು ಬಣ್ಣ ಬಳಿದುಕೊಟ್ಟಳು. "ಗುಡ್ ಲಕ್, ಪಪ್ಪಾ" ಎಂದಾಗ ಅವಳ ಮುಖದಲ್ಲಿ ನಂಬಿಕೆ ಕಾಣಲಿಲ್ಲ.

ಮೊದಲು ಹೊಟ್ಟೆಯ ಮೂಲಕ ಪ್ರಯತ್ನಿಸಿದೆವು. ಐದು ಮನೆಗೂ ಒಂದೊಂದು ಕಟ್ಟು ಕರಿಬೇವು ಕೊಟ್ಟು, ಅಡುಗೆಗೆ ಬಹಳ ಒಳ್ಳೆಯದು ಎಂದು ಹೇಳಿ ಬಂದೆ. ಎಷ್ಟು ಹಾಕಬೇಕು, ಹೇಗೆ ಹಾಕಬೇಕು ಎಂದು ಹೇಳಲಿಲ್ಲ. ಒಗ್ಗರಣೆಯನ್ನು ಹೇಳಿಕೊಡಬೇಕಾಗುತ್ತದೆ ಎಂಬುದೇ ನಮಗೆ ಹೊಳೆಯಲಿಲ್ಲ. ಅದನ್ನು ಯಾರೂ ನಮಗೂ ಹೇಳಿಕೊಟ್ಟದ್ದಲ್ಲವಲ್ಲ.

ಮರುದಿನ ಉಮ್ ಕರೀಮ್ ಎದುರಾದರು. ಅವರ ದೇಶದಲ್ಲಿ ಒಂದು ಸೊಪ್ಪನ್ನು ಸಣ್ಣಗೆ ಕೊಚ್ಚಿ ಪಾತ್ರೆ ತುಂಬ ಸಾರು ಮಾಡುತ್ತಾರಂತೆ. ಇದನ್ನೂ ಹಾಗೆಯೇ ಇಡೀ ಕಟ್ಟು ಕೊಚ್ಚಿ ಬೇಯಿಸಿದ್ದಾರೆ. "ಮಿಸ್ಟರ್ ಶೇಖರ್, ನನ್ನ ಗಂಡ ಎರಡು ತುತ್ತು ತಿಂದರು. ಆಮೇಲೆ, ನಾನು ಏನು ತಪ್ಪು ಮಾಡಿದ್ದೇನೆ ಹೇಳು ಎಂದು ನನ್ನನ್ನು ಕೇಳಿದರು" ಎಂದರು.

ಗುಲ್ ಖಾನ್ ಅದನ್ನು ಹಸಿರು ಚಹಾಕ್ಕೆ ಹಾಕಿ ಕುದಿಸಿ ಮೂವರೂ ಕುಡಿದಿದ್ದರು. "ಭಾಯ್ ಜಾನ್, ಪೇಟ್ ಏಕ್‌ದಮ್ ಸಾಫ್" ಎಂದು ಹೊಗಳಿದ. ಆದರೆ ಶಾಲಾ ಬಸ್ಸಿನ ಚಾಲಕರಿಗೆ ಬೆಳಗಿನ ಹೊತ್ತು ಅಷ್ಟು ಸಾಫ್ ಆಗುವುದು ಕೆಲಸಕ್ಕೆ ಅನುಕೂಲವಲ್ಲ, ಇನ್ನು ಬೇಡ ಎಂದು ಕೈಮುಗಿದ. ಎಂಜಿನಿಯರ್ ಅದನ್ನು ಹೂದಾನಿಯಲ್ಲಿ ಇಟ್ಟಿದ್ದರು. ನೇಪಾಳದ ಹುಡುಗಿ ದೇವರ ಫೋಟೋಕ್ಕೆ ಏರಿಸಿದ್ದಳು. ಗ್ರೇಸ್ ಮಾತ್ರ ತಮ್ಮ ಕೋಳಿ ಪದಾರ್ಥಕ್ಕೆ ಒಂದು ಎಲೆ, ಎಣಿಸಿ ಒಂದೇ ಎಲೆ, ಹಾಕಿದಳಂತೆ. ತಿಂಗಳಿಗೆ ಒಂದೆಲೆಯ ಗಿರಾಕಿಯನ್ನು ಬಾಬಾ ಮುಂದೆ ಹೇಗೆ ನಿಲ್ಲಿಸುವುದು? ಶ್ರೇಯಾಳ ಪಟ್ಟಿಯಲ್ಲಿ ಕೆಂಪು ಕೆಂಪಾಗಿಯೇ ಉಳಿಯಿತು.

ನಮ್ಮನ್ನು ಉಳಿಸಿದ್ದು ಒಂದು ಭಾನುವಾರ. ವಾರಿಜಾ ಬಾಗಿಲು ತೆರೆದಿಟ್ಟು ಎಣ್ಣೆ ಕಾಯಿಸುತ್ತಿದ್ದಳು. ನನ್ನ ದೊಡ್ಡಮ್ಮನ ಕ್ರಮವೇ. ಮದುವೆಯಾಗಿ ಬಂದ ವರ್ಷ ಅವರಿಂದಲೇ ಕಲಿತದ್ದು. ಅವಳ ಜಡೆ ಇಂದಿಗೂ ಸೊಂಟ ದಾಟುತ್ತದೆ. ನೀರು ನನಗೂ ಅವಳಿಗೂ ಒಂದೇ ಟ್ಯಾಂಕಿಯದ್ದು, ಎಣ್ಣೆ ಮಾತ್ರ ಅವಳಿಗೆ. ನಾನು ಆ ಎಣ್ಣೆಯಿಂದ ದಿಂಬು ಕೊಳೆಯಾಗುತ್ತದೆಂದು ಇಪ್ಪತ್ತು ವರ್ಷ ತಪ್ಪಿಸಿಕೊಂಡಿದ್ದೆ. ಆ ಹೊತ್ತಿಗೆ ಕಟ್ಟು ತಂದ ಚೀಲ ಮರಳಿಸಲು ಉಮ್ ಕರೀಮ್ ಬಂದರು. ಮೂಗು ಅರಳಿಸಿ ಒಳಗೆ ನೋಡಿದರು. ವಾರಿಜಾ ಒಲೆಯ ಕಡೆ ತಿರುಗಿ ನಿಂತಿದ್ದಳು, ಜಡೆ ಬೆನ್ನ ಮೇಲಿತ್ತು.

"ಈ ಎಣ್ಣೆಯಿಂದ ಆ ಕೂದಲಾ?" ಎಂದು ಕೇಳಿದರು.

ವಾರಿಜಾ ಹೌದೆಂದು ತಲೆಯಾಡಿಸಿದಳು. ಉಮ್ ಕರೀಮ್ ಬಾಗಿಲು ಹಾಕಿ, ತಲೆವಸ್ತ್ರ ತುಸು ಸರಿಸಿ, ಹಣೆಯ ಮೇಲಿನ ಜಾಗ ತೋರಿಸಿ, ಅಳುವ ದನಿಯಲ್ಲಿ ಅರಬ್ಬಿಯಲ್ಲಿ ಏನೋ ಹೇಳಿದರಂತೆ. ನಾನು ಆಗಲೇ ಒಳಕೋಣೆಗೆ ಓಡಿದ್ದೆ. ವಾರಿಜಾಳಿಗೆ ಅರಬ್ಬಿ ಬಾರದು. "ಆದ್ರೆ ಕೂದಲಿನ ವಿಷಯಕ್ಕೆ ಭಾಷೆ ಎಂತಕ್ಕೆ?" ಎಂದಳು ಆಮೇಲೆ.

ಒಂದು ಜಾಮಿನ ಶೀಶೆ ತುಂಬ ಎಣ್ಣೆ ಉಮ್ ಕರೀಮ್ ಅವರ ಮನೆಗೆ ಹೋಯಿತು. ಮರುದಿನ ಸಂಜೆ ಗ್ರೇಸ್ ಬಂದಳು. ಹೊಸ ದೇಶ, ಹೊಸ ನೀರು, ರಾತ್ರಿಪಾಳಿ. ನಾಲ್ವರ ಬಾತ್‌ರೂಮಿನ ಜಾಲರಿಯೂ ದಿನಾ ಕಟ್ಟುತ್ತದಂತೆ. ಆಮೇಲೆ ಗುಲ್ ಖಾನ್ ಬಂದ. ಟೊಪ್ಪಿ ತೆಗೆದ. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಆಗಲೇ ನನ್ನ ದಾರಿಯಲ್ಲಿ ಅರ್ಧ ನಡೆದಿದ್ದ. ಎಂಜಿನಿಯರರ ಹೆಂಡತಿ ಬಂದರು. ನೇಪಾಳದ ಹುಡುಗಿ ತನಗಲ್ಲ, ಗಂಡನಿಗೆ ಎಂದಳು. ಸಂಬಳ, ದೇಶ, ಧರ್ಮ ಯಾವುದನ್ನೂ ಲೆಕ್ಕಿಸದೆ ಎಂಟು ಮನೆಯಲ್ಲೂ ಉದುರುತ್ತಿದ್ದದ್ದು ಕೂದಲು ಎಂಬುದು ಇಷ್ಟು ದಿನ ನಮಗೆ ಯಾರಿಗೂ ಗೊತ್ತಿರಲಿಲ್ಲ. ಪಟ್ಟಿ ಒಂದೇ ವಾರದಲ್ಲಿ ಮೇಲಿನಿಂದ ಕೆಳಗೆ ಹಸಿರಾಯಿತು. "ಓಕೆ, ದಿಸ್ ಈಸ್ ಎ ಟ್ರೆಂಡ್" ಎಂದು ಶ್ರೇಯಾ ಒಪ್ಪಿಕೊಂಡಳು.

ಈ ಎಲ್ಲ ಸಂಭ್ರಮದಲ್ಲಿ ನನ್ನ ಸ್ಥಾನ ಮಾತ್ರ ಕೆಟ್ಟಿತು. ಯಾರಾದರೂ ಎಣ್ಣೆಗೆ ಬಂದಾಗ ನಾನು ಆತಿಥ್ಯಕ್ಕೆಂದು ಹಾಲಿಗೆ ಬಂದು ನಿಂತರೆ ವಾರಿಜಾ ಕಣ್ಣಲ್ಲೇ ಗದರುತ್ತಿದ್ದಳು.

"ನೀವು ಒಳಗೆ ಹೋಗಿ ಮಾರಾಯ್ರೆ. ನಿಮ್ಮ ತಲೆ ನೋಡಿದ್ರೆ ಯಾರಿಗೆ ನಂಬಿಕೆ ಬರ್ತದೆ?"

"ನಾನು ಹಚ್ಚಲಿಲ್ಲ, ಅದಕ್ಕೆ ಹೀಗೆ ಆದದ್ದು ಅಂತ ಹೇಳು. ಅದೂ ಪ್ರಚಾರವೇ ಅಲ್ವಾ?"

"ಅಷ್ಟೆಲ್ಲ ವಿವರಿಸ್ಲಿಕ್ಕೆ ನನಗೆ ಇಂಗ್ಲಿಷ್ ಬರುದಿಲ್ಲ. ಒಳಗೆ ಹೋಗಿ."

ಹೀಗೆ ನಾನು ಸ್ವಂತ ಮನೆಯಲ್ಲಿ ಘೋಷಾದಲ್ಲಿರಬೇಕಾಯಿತು. ಒಳಕೋಣೆಯಲ್ಲಿ ಕುಳಿತು ಹೊರಗಿನ ನಗು ಕೇಳುತ್ತಿದ್ದೆ. ಅವಳ ಮುರುಕು ಇಂಗ್ಲಿಷ್, ಉಮ್ ಕರೀಮ್ ಅವರ ಅದಕ್ಕಿಂತ ಮುರುಕು ಇಂಗ್ಲಿಷ್, ನಡುನಡುವೆ ‘ನಡೀರಿ’ ಎನ್ನಲು ಯಲ್ಲಾ, ‘ಇಲ್ಲ’ ಎನ್ನಲು ಮಾಫಿ, ಒಂದೊಂದು ತುಳು ಪದ. ಸಂಜೆಯಾದ ಮೇಲೆ ಗಿಡ ಮುಟ್ಟಬಾರದು, ಅದು ಮಲಗಿರುತ್ತದೆ ಎಂಬ ನಮ್ಮ ಕಡೆಯ ನಿಯಮವನ್ನೂ ಅವಳು ಎಲ್ಲರಿಗೂ ಕಲಿಸಿದಳು. ಕೆಲಸ ಮುಗಿಸಿ ಬರುವ ನರ್ಸುಗಳು ಮುಸ್ಸಂಜೆಯಲ್ಲಿ ಮರದ ಹತ್ತಿರ ಬಂದಾಗ ಮಾತು ನಿಲ್ಲಿಸಿ, ತುದಿಗಾಲಿನಲ್ಲಿ ದಾಟುವುದನ್ನು ನಾನು ಕಿಟಕಿಯಿಂದ ಕಣ್ಣಾರೆ ನೋಡಿದ್ದೇನೆ. ಗುಲ್ ಖಾನ್ ಅಂತೂ ತನ್ನ ತಮ್ಮಂದಿರಿಗೆ, "ಚುಪ್! ಝಾಡ್ ಸೋ ರಹಾ ಹೈ" ಎಂದು ಬೈದ.

ಕೂದಲು ಬಂತೇ ಎಂದು ನೀವು ಕೇಳುತ್ತೀರಿ. ಸತ್ಯ ಹೇಳಬೇಕೆಂದರೆ, ಮೂರು ವಾರದಲ್ಲಿ ಏನು ಬರುತ್ತದೆ? ಗುಲ್ ಖಾನ್ ಮಾತ್ರ ದಿನಾ ಕಾರಿನ ಕನ್ನಡಿಯಲ್ಲಿ ನೆತ್ತಿ ನೋಡಿಕೊಂಡು ಬಂದಿದೆ ಎನ್ನುತ್ತಿದ್ದ. ನಂಬಿಕೆಯೇ ದೇವರು ಎಂದು ಸುಮ್ಮನಿದ್ದೆ.

ಆದರೆ ಇನ್ನೊಂದು ಸಂಗತಿ ನಮ್ಮ ಗಮನಕ್ಕೆ ಬಂದಿರಲಿಲ್ಲ. ಒಗ್ಗರಣೆಗೆ ಬೇಕಾಗುವುದು ನಾಲ್ಕು ಎಲೆ. ಎಣ್ಣೆಗೆ ಬೇಕಾಗುವುದು ಎರಡು ಹಿಡಿ. ಕಾಯಿಸುವುದನ್ನು ಕಲಿತ ಮೇಲೆ ಎಂಟು ಮನೆಯವರೂ ತಮ್ಮ ತಮ್ಮ ಒಲೆಯಲ್ಲಿ ಕಾಯಿಸತೊಡಗಿದರು. ನರ್ಸುಗಳು ಆಸ್ಪತ್ರೆಯ ಗೆಳತಿಯರಿಗೂ ಒಯ್ದರು. ಇಮ್ತಿಯಾಜ್ ಸಾಹೇಬರು ವ್ಯಾಪಾರಸ್ಥರು. ತಮ್ಮ ಅತ್ತರು ಅಂಗಡಿಯ ಹುಡುಗರಿಗೆಲ್ಲ ಹಂಚಿದರು. ಕೇಳಿದವರಿಗೆ ಇಲ್ಲ ಎಂದು ಹೇಳಿ ವಾರಿಜಾಳಿಗೆ ಅಭ್ಯಾಸವಿಲ್ಲ. ಒಂದನೇ ತಾರೀಕಿನ ಬೆಳಿಗ್ಗೆ ನಾನು ಬಾಗಿಲು ತೆಗೆದು ನೋಡುತ್ತೇನೆ, ಮರದಲ್ಲಿ ಒಂದೇ ಒಂದು ಎಲೆಯಿಲ್ಲ. ತುದಿಯ ಚಿಗುರನ್ನೂ ಬಿಟ್ಟಿರಲಿಲ್ಲ. ನೆಟ್ಟಗೆ ನಾಲ್ಕು ಕಡ್ಡಿ ನಿಂತಿದ್ದವು. ಇನ್ನೊಂದು ಬೋಳು ತಲೆಯನ್ನು ನಾನು ನೋಡಬೇಕಾಗಿ ಬರುತ್ತದೆಂದು ನೆನೆಸಿರಲಿಲ್ಲ.

"ವಾರಿಜಾ!" ಎಂದು ಕೂಗಿದೆ. ಅವಳು ಬಂದು ನೋಡಿ ಬಾಯಿಗೆ ಸೆರಗು ಹಿಡಿದಳು.

ಹತ್ತು ಗಂಟೆಗೆ ಬಾಬಾ ಬಂದರು, ಜೊತೆಗೆ ಅಳತೆ ಟೇಪು ಹಿಡಿದ ಕಂಟ್ರಾಕ್ಟರು. ಎಂಟು ಮನೆಯವರೂ ಹೊರಗೆ ಬಂದು ನಿಂತಿದ್ದರು. ಇಷ್ಟೂ ಜನ ಒಟ್ಟಿಗೆ ನಿಂತದ್ದನ್ನು ನಾನು ಆ ಕಾಂಪೌಂಡಿನಲ್ಲಿ ವರ್ಷಗಳಿಂದ ನೋಡಿರಲಿಲ್ಲ. ಬಾಬಾ ಮರವನ್ನು ಒಂದು ಸುತ್ತು ಬಂದರು.

"ಶೇಖರ್, ಝಾಡ್ ಕಿಧರ್ ಹೈ?"

ಗುಲ್ ಖಾನ್ ಮುಂದೆ ಬಂದು ಟೊಪ್ಪಿ ತೆಗೆದು, ತನ್ನ ನೆತ್ತಿ ತೋರಿಸಿ, "ಬಾಬಾ, ಇಧರ್" ಎಂದ.

ಬಾಬಾಗೆ ಅರ್ಥವಾಗಲಿಲ್ಲ. ಆಗ ಉಮ್ ಕರೀಮ್ ಶುರುಮಾಡಿದರು ನೋಡಿ, ಅರಬ್ಬಿಯಲ್ಲಿ, ಉಸಿರು ತೆಗೆಯದೆ. ಇಮ್ತಿಯಾಜ್ ಸಾಹೇಬರು ನನ್ನ ಕಿವಿಯಲ್ಲಿ ತರ್ಜುಮೆ ಮಾಡುತ್ತ ಹೋದರು. "ಶೇಖರ್ ಭಾಯ್, ಟ್ಯಾಂಕಿ ಯಾರ್ದು ಅಂತ ಕೇಳ್ತಾ ಇದ್ದಾರೆ. ಬಾಬಾ ಅವರದ್ದೇ ಅಲ್ವಾ ಅಂತ. ಆ ಟ್ಯಾಂಕಿ ನೀರಿಂದ ಎಂಟು ಮನೆಯವರ ಕೂದಲು ಹೋಯ್ತು, ಈಗ ಔಷಧದ ಮರವನ್ನೂ ಕಡೀತೀರಾ, ದೇವರಿಗೆ ಏನು ಜವಾಬು ಕೊಡ್ತೀರಾ ಅಂತ... ಅಯ್ಯೋ, ಇದನ್ನು ನಾನು ತರ್ಜುಮೆ ಮಾಡುದಿಲ್ಲ."

ಬಾಬಾ ಎರಡು ಹೆಜ್ಜೆ ಹಿಂದೆ ಸರಿದರು. ಕಂಟ್ರಾಕ್ಟರು ಟೇಪನ್ನು ಮೆಲ್ಲಗೆ ಒಳಗೆ ಸುತ್ತಿಕೊಂಡ. ಗ್ರೇಸ್ ಕೈಯೆತ್ತಿದಳು, ಅವಳ ಹಿಂದೆ ಮೂವರು ನರ್ಸುಗಳು, ಆಮೇಲೆ ಎಲ್ಲರೂ. ನಾನು ಎಣಿಸಿದೆ. ಎಂಟಕ್ಕೆ ಎಂಟೂ. ಒಂದು ತಿಂಗಳ ಹಿಂದೆ ನಾನು ಬಡಾಯಿಗೆ ಹೇಳಿದ ಸುಳ್ಳು ಹೀಗೆ ನಿಜವಾಗಿ ನಿಂತದ್ದು ನೋಡಿ ನನಗೇ ರೋಮಾಂಚನವಾಯಿತು. ರೋಮ ಕೈಗಳ ಮೇಲಾದರೂ ಇದೆಯಲ್ಲ.

ಬಾಬಾ ಎತ್ತಿದ ಕೈಗಳನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ ಕಂಟ್ರಾಕ್ಟರಿಗೆ ಎದುರಿನ ಗೋಡೆಯ ಮೂಲೆ ತೋರಿಸಿದರು. ಶೆಡ್ ಅಲ್ಲಿಗೆ ಹೋಯಿತು. ಅದು ಹದಿನಾರು ವರ್ಷದಿಂದ ನಾನು ಕಾರು ನಿಲ್ಲಿಸುತ್ತಿದ್ದ ನೆರಳಿನ ಜಾಗ. ಈಗ ನನ್ನ ಕಾರು ಗೇಟಿನ ಹೊರಗೆ ಮರಳಿನ ಮೇಲೆ ಬೇಯುತ್ತದೆ. ಹೋಗುವ ಮೊದಲು ಬಾಬಾ ಅತ್ತಿತ್ತ ನೋಡಿ, ತಲೆಯ ಬಿಳಿ ವಸ್ತ್ರವನ್ನು ಒಂದಿಷ್ಟು ಎತ್ತಿ, ವಾರಿಜಾಳ ಹತ್ತಿರ ತಗ್ಗಿದ ದನಿಯಲ್ಲಿ, "ಇಸ್‌ಕಾ ಕುಛ್ ಹೋ ಸಕ್ತಾ ಹೈ?" ಎಂದರು. ಅವಳು ವೈದ್ಯರ ಗಾಂಭೀರ್ಯದಿಂದ ನೋಡಿ, "ಮೂರು ತಿಂಗಳು, ಬಾಬಾ" ಎಂದಳು. ನನ್ನ ತಲೆಗೆ ಅವಳು ಇಪ್ಪತ್ತು ವರ್ಷದಲ್ಲಿ ಇಂಥ ಭರವಸೆ ಒಮ್ಮೆಯೂ ಕೊಟ್ಟವಳಲ್ಲ.

ಮರ ಉಳಿಯಿತು. ಆದರೆ ಮತ್ತೆ ಚಿಗುರುವ ತನಕ ಯಾರೂ ಮುಟ್ಟಬಾರದೆಂದು ವಾರಿಜಾ ಕಟ್ಟಪ್ಪಣೆ ಮಾಡಿ, ಸುತ್ತ ಹಗ್ಗ ಕಟ್ಟಿದಳು. ಕಟ್ಟುವಾಗ ಅವಳ ಮುಖ ಬಾಡಿತ್ತು. ಕಾರಣ ನನಗೆ ಗೊತ್ತಿತ್ತು. ಎಲೆಯಿಲ್ಲದ ಮೇಲೆ ಎಲೆಗೆಂದು ಬರುವವರೂ ಇಲ್ಲ. ಅವರವರ ಮನೆಯಲ್ಲಿ ಒಂದೊಂದು ಶೀಶೆ ಎಣ್ಣೆಯಿದೆ, ಮೂರು ತಿಂಗಳಿಗೆ ಸಾಕು. ಇಷ್ಟೆಲ್ಲ ಗಲಾಟೆ ಮಾಡಿ ಗೆದ್ದದ್ದು ನಾಲ್ಕು ಕಡ್ಡಿಯನ್ನೇ ಎಂದು ನನಗೂ ಅನ್ನಿಸಿತು. ಸೋಫಾದಲ್ಲಿ ಪೇಪರು ಹಿಡಿದು ಕುಳಿತೆ.

ಮರುದಿನ ಸಂಜೆ ಐದಕ್ಕೆ ಬೆಲ್ ಆಯಿತು. ಬಾಗಿಲು ತೆಗೆದರೆ ಉಮ್ ಕರೀಮ್. ಹಿಂದೆ ಗ್ರೇಸ್, ಅವಳ ಹಿಂದೆ ನೇಪಾಳದ ಹುಡುಗಿ. ನಾನು ಎರಡೂ ಕೈ ಆಡಿಸಿ, ಗೊತ್ತಿದ್ದ ಅರಬ್ಬಿಯನ್ನೆಲ್ಲ ಒಟ್ಟುಮಾಡಿ ಹೇಳಿದೆ: "ಮಾಫಿ! ಎಲೆ ಮಾಫಿ, ಎಣ್ಣೆ ಮಾಫಿ, ಮೂರು ತಿಂಗಳು ಎಲ್ಲಾ ಮಾಫಿ!"

"ಗೊತ್ತು, ಗೊತ್ತು" ಎಂದರು ಉಮ್ ಕರೀಮ್. ಚಪ್ಪಲಿ ಬಿಟ್ಟು, ನನ್ನನ್ನು ಬಾಗಿಲಿನ ಪಕ್ಕಕ್ಕೆ ಸರಿಸಿ ಒಳಗೆ ನಡೆದರು. "ವಾರಿಜಾ ಎಲ್ಲಿ?"

ಒಳಗಿನಿಂದ ವಾರಿಜಾಳ ದನಿ ಬಂತು, ಹದಿನಾರು ವರ್ಷದ ಹಿಂದಿನ ದನಿ: "ರೀ, ಸುಮ್ಮನೆ ನಿಂತದ್ದೆಂತ? ನಾಲ್ಕು ಲೋಟ ಚಾಯಕ್ಕೆ ಇಡಿ."